ಒಂದು ದೀರ್ಘ ತಪ್ಪಿದ ಲಗ್ನಪತ್ರಿಕೆ

ನಾನು ಒಂದು ಲಗ್ನಪತ್ರಿಕೆ. ಆದರೆ ಇಂದಿನವರೆಗೆ ಒಂದು ಲಗ್ನದ ಚಪ್ಪರವನ್ನೂ ಕಂಡಿಲ್ಲ.

ಅರಿಶಿನ ಬಣ್ಣದ ಮೈ, ನೆತ್ತಿಯ ಮೇಲೆ ಗಣಪತಿ, ಎರಡೂ ಅಂಚಿಗೆ ಬಾಳೆಗಿಡ. ಹೀಗೆ ಸಿಂಗರಿಸಿಕೊಂಡು ಗದಗಿನ ಒಂದು ಸಣ್ಣ ಮುದ್ರಣಾಲಯದಲ್ಲಿ ಹುಟ್ಟಿದೆ. ಆಗಿನ್ನೂ ಅಲ್ಲಿ ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಅಚ್ಚು ಹಾಕುತ್ತಿದ್ದರು. ನನ್ನ ಅಕ್ಷರಗಳನ್ನು ಜೋಡಿಸಿದವಳು ದಾಕ್ಷಾಯಣಿ. ಬಿ.ಎ. ಮುಗಿಸಿ ಕೆಲಸಕ್ಕೆ ಸೇರಿ ಅವಳಿಗೆ ನಾಲ್ಕನೆಯ ದಿನ.

ನಾನೂ ನನ್ನ ಒಡಹುಟ್ಟಿದ ನಾನೂರು ಪತ್ರಿಕೆಗಳೂ ಇನ್ನೂ ಶಾಯಿ ಆರಿಸಿಕೊಳ್ಳುತ್ತಿದ್ದೆವು. ಹೆಣ್ಣಿನ ತಂದೆ ಬಂದವನೇ ನನ್ನನ್ನೆತ್ತಿಕೊಂಡು ಕೊನೆಯ ಸಾಲು ಓದಿ ಕೆಂಡವಾದ.

"ಏನ್ರೀ ಸಾವಕಾರ್ರ ಇದು? ನಾವು ಬೀಗರನ್ನ ಕರ್ಯಾಕತ್ತೇವೋ, ಓಡಸಾಕತ್ತೇವೋ?"

'ಸುಖಾಗಮನ ಬಯಸುವ' ಎಂದಿರಬೇಕಾದ ಕಡೆ 'ಸುಖಗಮನ ಬಯಸುವ' ಎಂದಿತ್ತು. ಖಕಾರಕ್ಕೆ ದೀರ್ಘವಿಲ್ಲ. ದೀರ್ಘವಿದ್ದರೆ ಸುಖವಾಗಿ ಬನ್ನಿ, ಇಲ್ಲದಿದ್ದರೆ ಸುಖವಾಗಿ ಹೋಗಿ. ಬಂದವರನ್ನು ಬಾಗಿಲಲ್ಲೇ ಬೀಳ್ಕೊಡುವ ಪತ್ರಿಕೆ ನಾನು!

ದಾಕ್ಷಾಯಣಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಿದ್ದಳು. ಮಾಲೀಕ ಚೆನ್ನವೀರಪ್ಪ ಸಾವಕಾರರು ಕೂತಲ್ಲಿಂದಲೇ ಕೇಳಿದರು.

"ಎಲ್ಲಿಗವ್ವಾ ಹೊಂಟಿ? ಗಮನ ಅಂದ್ರ ಹೋಗೂದು ಖರೆ, ಆದ್ರ ಗಮನ ಅಂದ್ರ ಲಕ್ಷ್ಯನೂ ಹೌದು. ಹೋಗೂ ಗಮನ ಬಿಡು, ಲಕ್ಷ್ಯದ ಗಮನ ಹಿಡಿ. ಕೂಡು."

ನಾನೂರನ್ನೂ ಮತ್ತೆ ಅಚ್ಚು ಹಾಕಿದರು. ನನ್ನ ಒಡಹುಟ್ಟಿದವರೆಲ್ಲ ರದ್ದಿಗೆ ಹೋದರು. ನನ್ನೊಬ್ಬನನ್ನು ಸಾವಕಾರರು ಅವಳ ಮೇಜಿನೆದುರು ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದರು. "ದಿನಾ ನೋಡು." ಮೊಳೆಯಿಂದ ಹುಟ್ಟಿದವನು ಮೊಳೆಗೇ ನೇತುಬಿದ್ದೆ.

ಹನ್ನೊಂದು ವರ್ಷ ಅಲ್ಲೇ ಇದ್ದೆ. ತಲೆಯ ಮೇಲೆ ಫ್ಯಾನು, ಕೊರಳಲ್ಲಿ ಮೊಳೆ. ಫ್ಯಾನು ತಿರುಗಿದಾಗೆಲ್ಲ ಪಟಪಟ ಬಡಿದುಕೊಳ್ಳುವುದೇ ನನ್ನ ಉದ್ಯೋಗ. ಸುಖಗಮನದ ನಡುವೆ ಒಂದು 'ಖಗ' ಕೂತಿದೆ ನೋಡಿ. ರೆಕ್ಕೆ ಬಡಿಯುವುದು, ಹಾರದೆ ಉಳಿಯುವುದು.

ಕಂಪ್ಯೂಟರು ಬಂತು. ಸೀಸದ ಮೊಳೆಗಳು ಗೂಡು ಸೇರಿದವು. ದಾಕ್ಷಾಯಣಿಯ ಕೈಯಲ್ಲಿ ಮತ್ತೆ ಒಂದು ದೀರ್ಘವೂ ತಪ್ಪಲಿಲ್ಲ. ಕರಡು ತಿದ್ದಿಸಲು ರೋಣ, ನರಗುಂದದಿಂದೆಲ್ಲ ಜನ ಬರತೊಡಗಿದರು. ಸಾವಕಾರರ ಕಣ್ಣು ಮಾತ್ರ ವರ್ಷವರ್ಷಕ್ಕೆ ಮಂಜಾಯಿತು. ಭೂತಗನ್ನಡಿ ಹಿಡಿದರೆ ಪದಗಳು ಕಾಣುತ್ತಿದ್ದವು, ದೀರ್ಘ ಕೊಂಬುಗಳು ಕಾಣುತ್ತಿರಲಿಲ್ಲ. "ನನ್ನ ಕಣ್ಣು ಅಲ್ಲಿ ಕುಂತಾವ ನೋಡ್ರಿ" ಎಂದು ಬಂದವರಿಗೆಲ್ಲ ಅವಳನ್ನು ತೋರಿಸುತ್ತಿದ್ದರು.

ಹೀಗಿರುವಾಗ ಧಾರವಾಡದ ಒಂದು ನಿಘಂಟು ಕಚೇರಿಯಿಂದ ದಾಕ್ಷಾಯಣಿಗೆ ಕರೆ ಬಂತು. ಓದುವ ಕಾಲದಿಂದ ಅವಳು ಆಸೆಪಟ್ಟ ಕೆಲಸ. ಸೋಮವಾರ ಹತ್ತು ಗಂಟೆಗೆ ಹಾಜರಾಗಬೇಕು, ಕೈಯಲ್ಲಿ ಈಗಿನ ಮಾಲೀಕರ ಬಿಡುಗಡೆ ಪತ್ರ ಇರಬೇಕು. ತಪ್ಪಿದರೆ ಪಟ್ಟಿಯಲ್ಲಿ ಮುಂದಿನವರ ಪಾಲು.

ಹತ್ತು ದಿನ ಅವಳು ನಿಂತಲ್ಲಿ ನಿಲ್ಲಲಿಲ್ಲ. ಸಾವಕಾರರು ಊಟಕ್ಕೆ ಹೋದದ್ದೇ ತಡ, ನನ್ನೆದುರು ನಿಂತು ತಾಲೀಮು. ತನ್ನ ಮಾತೂ ಅವಳದೇ, ಸಾವಕಾರರ ಮಾತೂ ಅವಳದೇ. ಮೂಗಿನ ತುದಿಗೆ ಇಲ್ಲದ ಕನ್ನಡಕ ಇಳಿಸಿ, ಗಂಟಲಲ್ಲಿ ಗರಗಸ ಎಳೆದು ಅವರ ದನಿ ಹಿಡಿದರೆ, ಅವರೇ ವಾಪಸು ಬಂದರೇನೋ ಎಂದು ನಾನೇ ಬಡಿದುಕೊಳ್ಳುವುದನ್ನು ನಿಲ್ಲಿಸುತ್ತಿದ್ದೆ.

"ಸಾವಕಾರ್ರ, ನಾ ಕೆಲಸ ಬಿಡ್ತೇನ್ರಿ."

"ಬಿಡವ್ವಾ, ಬಿಡು. ನನ್ನ ಕಣ್ಣೂ ಕಿತ್ಕೊಂಡ್ ಹೋಗು."

ಇಷ್ಟಾಗುತ್ತಲೇ ಸಾವಕಾರರ ದನಿಯಲ್ಲಿದ್ದವಳು ತನ್ನ ದನಿಯಲ್ಲಿ ಅತ್ತುಬಿಡುತ್ತಿದ್ದಳು.

ಕೊನೆಗೆ ಬರೆದೇ ಕೊಡುವುದೆಂದು ಕೂತಳು. ರಾಜೀನಾಮೆ ಎಂಬ ಮಾತೇ ಅವಳಿಗೆ ರುಚಿಸಲಿಲ್ಲ. ಅರ್ಧ ರಾಜಿ, ಅರ್ಧ ನಾಮ. ಅದನ್ನು ಹೊಡೆದುಹಾಕಿದಳು. ಮರ್ಯಾದೆಯಾಗಿ ಬರೆಯಬೇಕು, ನೋಯಬಾರದು. ಆದರೆ ಹನ್ನೊಂದು ವರ್ಷ ಲಗ್ನಪತ್ರಿಕೆ ಮಾಡಿದ ಕೈಗೆ ಇನ್ನೊಂದು ಬಗೆಯ ಮರ್ಯಾದೆ ಎಲ್ಲಿಂದ ಬರಬೇಕು? ಬುಧವಾರ ಪ್ರಿಂಟ್ ತೆಗೆದದ್ದು ಹೀಗಿತ್ತು:

'ಮಾನ್ಯರೇ, ತಮ್ಮ ಕೃಪಾಶೀರ್ವಾದದಿಂದ ಇದೇ ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಧಾರವಾಡದಲ್ಲಿ ಹೊಸ ಬಾಳಿಗೆ ಕಾಲಿಡಲು ನಿಶ್ಚಯಿಸಿರುವುದರಿಂದ, ತಾವು ತುಂಬು ಮನಸ್ಸಿನಿಂದ ಹರಸಿ ಬೀಳ್ಕೊಡಬೇಕಾಗಿ ವಿನಂತಿ.'

ಬಿಡುತ್ತೇನೆ ಎಂಬುದೊಂದನ್ನು ಬಿಟ್ಟು ಎಲ್ಲವೂ ಇತ್ತು.

ಸಾವಕಾರರು ಭೂತಗನ್ನಡಿ ಹಿಡಿದು ಗಟ್ಟಿಯಾಗಿ ಓದಿದರು. ಓದುತ್ತ ಓದುತ್ತ ಮುಖ ಅರಳಿತು.

"ಅಂತೂ ಕೂಡಿ ಬಂತಲ್ಲವ್ವಾ ಕಂಕಣ! ಮೂವತ್ನಾಕ ಆದ್ರ ಏನಾತು? ಯಾರವ್ವಾ ವರ?"

ಹಿಂದೆ ಮಷೀನು ಧಡಧಡ ಓಡುತ್ತಿತ್ತು. ದಾಕ್ಷಾಯಣಿ ಕೂಗಿದಳು. "ವರ ಅಲ್ರೀ! ಧಾರವಾಡದ ನಿಘಂಟು!"

"ನಿಂಗಪ್ಪ! ಚಲೋ ಹೆಸರು. ಏನು ಉದ್ಯೋಗ?"

"ಶಬ್ದದ ಕೆಲಸ್ರೀ!"

"ಶಬ್ದದ್ದಾ? ಅಂದ್ರ ಮೈಕ್ ಸೆಟ್ಟು! ಆಗ್ಲಿ ಬಿಡು, ಲಗ್ನಕ್ಕ ಬೇರೆಯವ್ರನ್ನ ಹೇಳೂದು ಬ್ಯಾಡ."

ಮಷೀನು ನಡೆಸುವ ಹುಚ್ಚೀರಪ್ಪ ಅದನ್ನು ನಿಲ್ಲಿಸಿ ಓಡಿ ಬಂದ. "ಅಕ್ಕಾ, ನಮ್ಮ ನಿಂಗಪ್ಪ ಮಾಮಾನ ಫೋಟೋನರ ತೋರಸ ಬೇ!" ಅಷ್ಟರಲ್ಲಿ ಸಾವಕಾರರು ಪೇಡೆಗೆ ಕಳಿಸಿಯಾಗಿತ್ತು. ಪೇಡೆ ಬಾಯಿಗೆ ತುರುಕಿದ ಮೇಲೆ ಅವಳು ಮಾತಾಡುವುದೆಂತು? ಅವರ ಮುಖದ ಮೇಲಿನ ಆ ನಗೆಯನ್ನು ಕಿತ್ತುಕೊಳ್ಳುವ ಧೈರ್ಯ ಅವಳಿಗೆ ಬರಲಿಲ್ಲ. ಗೋಡೆಯ ಮೇಲೆ ನಾನು ಬಾಯಿ ಬಡಿದುಕೊಂಡೆ. ನನ್ನ ಶಬ್ದ ಯಾರಿಗೆ ಬೇಕು?

ಶುಕ್ರವಾರ ಸಾವಕಾರರು ಹಳೆಯ ಮೊಳೆಗಳ ಗೂಡು ತೆಗೆಸಿದರು. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ನೆನಪಿತ್ತು. ಒಂದೊಂದೇ ಮೊಳೆಯನ್ನು ಹೆಬ್ಬೆರಳಿಂದ ಸವರಿ ಜೋಡಿಸತೊಡಗಿದರು.

"ನಿನ್ನ ಪತ್ರಿಕಿ ನಾನ ಜೋಡಸ್ತೇನಿ. ಮತ್ತ ಲಗ್ನಾತಂತ ಕೆಲಸ ಬಿಡಬ್ಯಾಡ. ನಿಂಗಪ್ಪಗ ನಾ ಹೇಳ್ತೇನಿ, ಗದಗಕ್ಕ ಬಂದಿರು ಅಂತ."

ದಾಕ್ಷಾಯಣಿಯ ಕಾಲು ಮೇಜಿನ ಕೆಳಗೆ ಒಂದೇ ಸಮನೆ ಕುಣಿಯುತ್ತಿತ್ತು.

ಶನಿವಾರ ಮಧ್ಯಾಹ್ನ. ಉಳಿದದ್ದು ಅರ್ಧ ದಿನ. ದಾಕ್ಷಾಯಣಿ ಎದ್ದಳು, ಕುರ್ಚಿ ಹತ್ತಿದಳು, ನನ್ನ ಕೊರಳಿನ ಮೊಳೆ ಕಿತ್ತಳು. ಹನ್ನೊಂದು ವರ್ಷದ ಮೇಲೆ ಮನುಷ್ಯರ ಕೈ ತಾಕಿತು. ಹುಚ್ಚೀರಪ್ಪನಿಗೆ ಮಷೀನು ನಿಲ್ಲಿಸಲು ಸನ್ನೆ ಮಾಡಿ, ನನ್ನನ್ನು ಸಾವಕಾರರ ಅಂಗೈಯಲ್ಲಿಟ್ಟಳು.

"ಇದು ನನ್ನ ಖರೇ ಪತ್ರ ರೀ. ಕಡೇ ಸಾಲು ಓದ್ರಿ."

ಅವರು ಭೂತಗನ್ನಡಿ ತೆಗೆದುಕೊಳ್ಳಲಿಲ್ಲ. ಮೊಳೆಯಲ್ಲಿ ಒತ್ತಿದ ಅಕ್ಷರಗಳು ನನ್ನ ಮೈಯಲ್ಲಿ ಇನ್ನೂ ತಗ್ಗಾಗಿ ಉಳಿದಿದ್ದವು. ಹೆಬ್ಬೆರಳು ಸಾಲಿನ ಮೇಲೆ ಮೆಲ್ಲಗೆ ಸರಿಯಿತು. ಸು. ಖ. ಅಲ್ಲಿ ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು, ಇಲ್ಲದ ದೀರ್ಘವನ್ನು ಹುಡುಕಿತು.

"ಗಮನ" ಎಂದರು. ಹೆಬ್ಬೆರಳನ್ನು ಎತ್ತದೆಯೇ ಕೇಳಿದರು. "ನಿಂಗಪ್ಪ ಇಲ್ಲೇನು?"

"ಇಲ್ರೀ. ನಿಘಂಟು ಕಚೇರಿ. ಸೋಮವಾರ ಸೇರಬೇಕು. ನಿಮ್ಮ ಬಿಡುಗಡಿ ಪತ್ರ ಬೇಕ್ರೀ." ಅಲ್ಲಿಗೇ ನಿಲ್ಲಿಸದೆ ಮುಂದುವರಿಸಿದಳು. "ತಪ್ಪಾಗೂ ಶಬ್ದ ಎಲ್ಲಾ ಒಂದು ವಹಿಯೊಳಗ ದಪ್ಪ ಅಕ್ಷರದಾಗ ಬರದೇನಿ. ರಿಟೈರಾದ ಕುಲಕರ್ಣಿ ಮಾಸ್ತರ್ರಿಗೆ ಮಾತಾಡೇನಿ, ಸೋಮವಾರದಿಂದ ಕರಡು ಅವ್ರು ನೋಡ್ತಾರ. ಐತವಾರ ಐತವಾರ ನಾನೂ ಬಂದು..."

"ಐತವಾರ ಬರಬ್ಯಾಡ. ಹೋಗೂದಾದ್ರ ಪೂರ್ತಿ ಹೋಗು." ಕಂಪ್ಯೂಟರಿನ ಕಡೆ ಕೈ ತೋರಿಸಿದರು. "ಟೈಪ್ ಮಾಡು, ನಾ ಹೇಳ್ತೇನಿ. ದಾಕ್ಷಾಯಣಿ ನಮ್ಮಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದಳು. ಒಂದು ತಪ್ಪು ಮಾಡಿದಳು."

"ಅದನ್ನೂ ಹಾಕ್ಲೇನ್ರೀ?"

"ಹಾಕು. ಒಂದ ಅಂತ ಅವ್ರಿಗೆ ಗೊತ್ತಾಗಬೇಕಲ್ಲ? ಈ ದಿನ ಇವಳನ್ನು ಸಂತೋಷದಿಂದ ಬಿಡುಗಡೆ ಮಾಡಿರುತ್ತೇವೆ. ಸಂತೋಷ ಅನ್ನೂದು ಇರಲಿ, ಹೊಡೀಬ್ಯಾಡ. ಕೆಳಗ ನನ್ನ ಹೆಸರಿನ ಮ್ಯಾಲ ಬರಿ, ಸುಖಗಮನ ಬಯಸುವ."

ಅವಳ ಬೆರಳು ನಿಂತಿತು. "ದೀರ್ಘ, ಸಾವಕಾರ್ರ?"

"ಬ್ಯಾಡವ್ವಾ. ಈ ಸಲ ಬರೋಬ್ಬರಿ ಐತಿ."

ಸಹಿ ಹಾಕಿ ಕೊಟ್ಟರು. ನನ್ನನ್ನು ಮಾತ್ರ ಅವಳಿಗೆ ಕೊಡಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಅರಿಶಿನ ಬಣ್ಣ ಮಾಸಿದೆ, ಗಣಪತಿಯ ಸೊಂಡಿಲು ಅಳಿಸಿದೆ. ಸಾವಕಾರರ ಅಂಗಿಯ ಎದೆಜೇಬಿನಲ್ಲಿದ್ದೇನೆ. ಫ್ಯಾನಿಲ್ಲ, ಆದರೂ ಬಡಿತ ನಿಂತಿಲ್ಲ. ಇದು ನನ್ನದಲ್ಲ, ಒಳಗಿನದು.

ಹಳೆಯ ಗಿರಾಕಿಗಳು ಬಂದು ಕೇಳುತ್ತಾರೆ, "ದಾಕ್ಷಾಯಣಿ ಎಲ್ರೀ?" ಸಾವಕಾರರು ನನ್ನನ್ನು ತೆಗೆದು ಕೈಗಿಡುತ್ತಾರೆ. "ಓದ್ರಿ." ಕಣ್ಣು ಚುರುಕಾಗಿರುವ ಆ ಜನರೆಲ್ಲ ರೂಢಿಯಂತೆ ಇಲ್ಲದ ದೀರ್ಘವನ್ನೂ ಸೇರಿಸಿ ಸರಾಗವಾಗಿ ಓದುತ್ತಾರೆ. "ಸುಖಾಗಮನ ಬಯಸುವ."

ಆ ಒಂದು ಗಳಿಗೆ ಸಾವಕಾರರು ಬಾಗಿಲ ಕಡೆ ತಿರುಗುತ್ತಾರೆ. ಆಮೇಲೆ ಹೆಬ್ಬೆರಳನ್ನು ನನ್ನ ಖಕಾರದ ಪಕ್ಕ ಇಟ್ಟು ಹೇಳುತ್ತಾರೆ.

"ಇನ್ನೊಮ್ಮೆ ಓದ್ರಿ."