ಒಂದೇ ಥಾನಿನ ಬಟ್ಟೆ

ಗುಂಡಿ ಮತ್ತೆ ತಪ್ಪಿತು. ಚಿನ್ನಸ್ವಾಮಿ ಮಗನ ಅಂಗಿಯ ಗುಂಡಿಗಳನ್ನೆಲ್ಲ ಬಿಚ್ಚಿ ಕೆಳಗಿನಿಂದ ಹಾಕತೊಡಗಿದ. ವಿಜಯಪುರದ ಹೈಸ್ಕೂಲಿನಲ್ಲಿ ಬೀಜಗಣಿತ ಹೇಳಿಕೊಡುವ ಮೇಷ್ಟ್ರಿಗೆ ಒಂದು ಚೋಟುದ್ದದ ಅಂಗಿ ತೊಡಿಸಲು ಬರುತ್ತಿರಲಿಲ್ಲ.

"ಅಪ್ಪಾ, ಪಾಪು ಇವತ್ತೇ ದೊಡ್ಡಪ್ಪನ ಜೊತೆ ಹೋಗ್ಬಿಡುತ್ತಾ?" ಮಗಳು ಕೇಳಿದಳು.

"ನಿನ್ನ ಲಂಗ ಸರಿ ಮಾಡ್ಕೋ."

ಲಂಗ ಸರಿಯಾಗಿಯೇ ಇತ್ತು.

ಬಾಣಂತಿ ಅನುಸೂಯ ತಲೆಗೆ ಬಟ್ಟೆ ಕಟ್ಟಿಕೊಂಡು ಬಾಗಿಲ ಒಳಗೆ ಕೂತಿದ್ದಳು. ಬಸುರಿಯಾಗಿದ್ದಾಗಲೇ ಗುಲಾಬಿ ಪಾಪ್ಲಿನ್ ತರಿಸಿ, ಮಗನಿಗೆ ಅಂಗಿ, ಮಗಳಿಗೆ ಲಂಗ, ಹುಟ್ಟಲಿರುವುದಕ್ಕೊಂದು ಜುಬ್ಬ ಹೊಲಿದಿಟ್ಟಿದ್ದಳು. ಒಂದೇ ಥಾನಿನ ಬಟ್ಟೆ ತೊಟ್ಟ ಮಕ್ಕಳು ಸಂತೆಯಲ್ಲಿ ತಪ್ಪಿಸಿಕೊಂಡರೂ ಒಂದೇ ಮನೆಯವೆಂದು ಯಾರಾದರೂ ಹೇಳಬಹುದು.

ಬೆಳಿಗ್ಗೆ ಅವಳು ಹೇಳಿದ್ದು ಇಷ್ಟೇ: "ಅವ್ರು ನಿಮ್ಮಣ್ಣ. ನೀವೇ ಬೇಡ ಅಂದ್ರೆ ಮುಗೀತು."

ಅಣ್ಣ ಅಪ್ಪಯ್ಯಣ್ಣನಿಗೆ ಮಕ್ಕಳಿಲ್ಲ. ರಾಜಘಟ್ಟದಲ್ಲಿ ತಾನು ನೇಗಿಲು ಹಿಡಿದು ತಮ್ಮನನ್ನು ಓದಿಸಿದವನು. ಹೋದ ಸಂಕ್ರಾಂತಿಗೆ, "ಗಂಡಾದ್ರೆ ನಮಗೆ ಕೊಡೋ" ಅಂದಿದ್ದ. "ನೋಡೋಣ" ಅಂದಿದ್ದ ಚಿನ್ನಸ್ವಾಮಿ. ಈ ಬಾಯಿಸತ್ತವನು ಇಡೀ ಬದುಕನ್ನೇ 'ನೋಡೋಣ'ದಲ್ಲಿ ದೂಡಿಕೊಂಡು ಬಂದವನು. ಅಣ್ಣ ಅದನ್ನೇ ಒಪ್ಪಿಗೆಯೆಂದು ತಿಳಿದು, ಊರಿಗೆಲ್ಲ ಹೇಳಿ, ತೊಟ್ಟಿಲು ಮಾಡಿಸಿದ. ಈಗ ಹೊರಡುವ ಮುಂಚೆ ಮೂರೂ ಮಕ್ಕಳದೊಂದು ಫೋಟೋ ಇರಲಿ ಎಂದು ಫೋಟೋದವನನ್ನು ಅವನೇ ಕರೆಸಿದ್ದ. ಫೋಟೋ ಆದಮೇಲೆ ಬಸ್ಸು.

ಅಂಗಳದಲ್ಲಿ ಕೂಸನ್ನು ಅಕ್ಕನ ತೋಳಿಗೆ ಕೊಟ್ಟು ಮಕ್ಕಳನ್ನು ನಿಲ್ಲಿಸಿದ್ದಾಯಿತು. ಅತ್ತಿಗೆ ಮುತ್ಯಾಲಮ್ಮ ಬೆಳಗಿನಿಂದ ಕೂತು ಹುಡುಗಿಗೆ ಮೊಗ್ಗಿನ ಜಡೆ ಹೊಲಿದಿದ್ದಳು. ಜಡೆಯೂ ಫೋಟೋದಲ್ಲಿ ಕಾಣಲೆಂದು ಹಿಂದೆ ನಿಲುಗನ್ನಡಿ ಇಟ್ಟಿದ್ದರು.

"ಇದ್ಯಾಕೆ ಈ ಹತ್ತಿ ಬಟ್ಟೆ? ನಾನು ರೇಷ್ಮೇದು ತಂದಿದೀನಿ." ಅತ್ತಿಗೆ ಕೂಸಿನ ಜುಬ್ಬ ಬಿಚ್ಚಿ ಚಿನ್ನಸ್ವಾಮಿಯ ಕೈಗಿತ್ತಳು.

ಜುಬ್ಬ ಇನ್ನೂ ಬೆಚ್ಚಗಿತ್ತು. ಅವನು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಹೇಳುವುದಾದರೆ ಈಗಲೇ.

"ಅಣ್ಣಾ..."

"ಏನೋ?"

"ಬಿಸಿಲು ಜಾಸ್ತಿ ಆಯ್ತು."

"ಅದಕ್ಕೇ ಬೇಗ ಮುಗಿಸ್ಬಿಡೋಣ."

ಫೋಟೋದವನು ಕರಿಬಟ್ಟೆಯೊಳಗೆ ತಲೆ ತೂರಿಸಿದ. ಹಾಗೇ ಹೊರಗೆ ತೆಗೆದ.

"ಕನ್ನಡೀಲಿ ಯಾರೋ ಬೀಳ್ತಿದಾರೆ ಸಾರ್."

ಎಲ್ಲರೂ ನೋಡಿದರು. ಜಡೆಯ ಪಕ್ಕದಲ್ಲಿ, ತೆರೆದ ಬಾಗಿಲ ಒಳಗೆ ಕೂತ ಅನುಸೂಯ ಕನ್ನಡಿಯಲ್ಲಿ ಕಾಣುತ್ತಿದ್ದಳು. ಅವಳು ಕೂಸನ್ನು ನೋಡುತ್ತಿರಲಿಲ್ಲ, ಗಂಡನನ್ನು ನೋಡುತ್ತಿದ್ದಳು.

"ಆ ಬಾಗಿಲು ಸ್ವಲ್ಪ ಎಳ್ಕೊತೀರಾ ಸಾರ್?"

ಹೇಳಿದ್ದು ಅವನಿಗೆ. ಬೇರೆ ಯಾರಿಗಾದರೂ ಹೇಳಿದ್ದರೆ ಏನಾಗುತ್ತಿತ್ತೋ. ಚಿನ್ನಸ್ವಾಮಿ ಹೋದ.

"ಹೇಳಿದ್ರಾ?" ಒಳಗಿನಿಂದ ಪಿಸುದನಿ.

ಅವನು ಬಾಗಿಲು ಎಳೆದ. ಏನೋ ಅಡ್ಡ ಸಿಕ್ಕಂತಾಯಿತು. ಜೋರಾಗಿ ಎಳೆದು, ಚಿಲಕ ಹಾಕಿ, ಕನ್ನಡಿಯಲ್ಲಿ ಬೀಳದಂತೆ ಪಕ್ಕದ ಗೋಡೆಗೆ ಒತ್ತಿ ನಿಂತ.

"ಈಗ ಸರಿಯಾಯ್ತು. ಯಾರೂ ಅಲ್ಲಾಡ್ಬೇಡಿ."

ಚಿನ್ನಸ್ವಾಮಿ ಅಲ್ಲಾಡಲಿಲ್ಲ. ಜುಬ್ಬದ ಒಂದು ತೋಳು ಇನ್ನೂ ಅವನ ಮುಷ್ಟಿಯಲ್ಲಿತ್ತು. ಉಳಿದದ್ದು ಬಾಗಿಲ ಸಂದಿನಲ್ಲಿ ಸಿಕ್ಕಿತ್ತು. ಒಳಗಿನಿಂದ ಅನುಸೂಯ ಅದನ್ನು ಮೆಲ್ಲಮೆಲ್ಲಗೆ ಎಳೆಯುತ್ತಿದ್ದಳು. ಬಿಡಬೇಕೋ ಹಿಡಿಯಬೇಕೋ ತಿಳಿಯದೆ ಅವನು ಹಾಗೇ ನಿಂತಿದ್ದ.