ಸಿಲ್ವಿಯ ಅಡುಗೆಮನೆಯ ನೆಲ

ಪೈಪು ಒಡೆದು ಸಿಲ್ವಿಯ ಅಡುಗೆಮನೆಯ ನೆಲವೆಲ್ಲ ಉಬ್ಬಿಕೊಂಡಿತ್ತು. ನೀರು ಹೊಕ್ಕ ಮನೆಗಳನ್ನು ಒಣಗಿಸಿ ರಿಪೇರಿ ಮಾಡುವ ರೇಯ್ನೊ ಬಂದು ಮೂಲೆಯ ಹಾಸು ಎತ್ತಿ ನೋಡಿದ. ಕೆಳಗೆ ಕಪ್ಪು ಅಂಟು. ಕುವೊಪಿಯೊ ನಗರದ ಲ್ಯಾಬಿಗೆ ಕಳಿಸಲು ಒಂದು ಚೂರು ಕಿತ್ತುಕೊಂಡು, ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ.

"ರಿಪೋರ್ಟ್ ಬರೋವರೆಗೂ ಯಾರೂ ಮುಟ್ಟಬಾರದು. ನಾಲ್ಕು ದಿನ. ಕಾನೂನು."

"ಅಯ್ಯೋ, ಅಷ್ಟರಲ್ಲಿ ನನ್ ಮೇಲೇ ಅಣಬೆ ಏಳುತ್ತಲ್ಲೋ!" ಎಂದಳು ಸಿಲ್ವಿ.

ಪಕ್ಕದ ಮನೆಯ ತೈಸ್ತೊ ಕಿಸಕ್ಕನೆ ನಕ್ಕ. "ಇವ್ನ ಕೈಲಿ ಸುತ್ತಿಗೆಗಿಂತ ಕಾಗದಾನೇ ಜಾಸ್ತಿ. ಈ ನೆಲ ಹಾಕಿದ್ದು ನಮ್ಮಪ್ಪ. ಆಗ ಯಾವ ಕಾನೂನಿತ್ತೋ ಮಾರಾಯ?"

ರೇಯ್ನೊ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಇಂಥದೇ ಅಂಟನ್ನು ಹತ್ತು ವರ್ಷ ಕೆರೆದವನು ರೇಯ್ನೊನ ಅಣ್ಣ ಎನ್ಸಿಯೊ. ಅದರೊಳಗಿನ ಆಸ್ಬೆಸ್ಟಾಸ್ ಧೂಳು ಶ್ವಾಸಕೋಶವನ್ನು ತಿಂದು ಅವನನ್ನೇ ಮುಗಿಸಿತು. ಊರಿಗೆ ಗೊತ್ತಿದ್ದದ್ದು ಬರೀ ಎದೆಯ ಕಾಯಿಲೆ ಎಂದು. ಆ ಕೆಲಸಕ್ಕೆ ಅಣ್ಣನನ್ನು ಹಚ್ಚಿದವನು ತಾನೇ ಎಂಬುದನ್ನು ರೇಯ್ನೊ ಹೆಂಡತಿಗೂ ಹೇಳಿರಲಿಲ್ಲ. ಮನಸ್ಸಿನದು ಬಾಯಿಗೆ ಬಂದರೆ ಮಾನ ಹೋಯಿತೆನ್ನುವ ಜನ ನಾವು, ಹಾಳಾದ ಬಿಗುಮಾನ! "ಕಾನೂನು ಅಂದ್ರೆ ಕಾನೂನು" ಎಂದಷ್ಟೇ ಹೇಳಿ ಹೊರಟುಬಿಟ್ಟ.

ನಾಲ್ಕನೆಯ ದಿನ ರಿಪೋರ್ಟ್ ಬಂತು: ಆಸ್ಬೆಸ್ಟಾಸ್ ಇದೆ. ಕಾಗದ ಹಿಡಿದು ಓಡಿ ಬಂದರೆ ಸಿಲ್ವಿಯ ಅಂಗಳದ ತುಂಬ ಸೈಕಲ್ಲುಗಳು! ತಾಲ್ಕೋತ್ ನಡೆದಿತ್ತು. ಒಬ್ಬರಿಗೆ ಕಷ್ಟವೆಂದರೆ ಬೀದಿಗೆ ಬೀದಿಯೇ ಬಂದು ದುಡಿಯುತ್ತದೆ, ಕೂಲಿ ಎಂದರೆ ಕಾಫಿ ಮತ್ತು ಬನ್ನು. ಪ್ಲಾಸ್ಟಿಕ್ ಹಾಳೆ ಕಾಲಡಿ ಬಿದ್ದಿತ್ತು. ಅಂಟನ್ನು ಮೆಷಿನ್ ಹಚ್ಚಿ ಉಜ್ಜಿಯಾಗಿತ್ತು. ಎರಡು ದೊಡ್ಡ ಫ್ಯಾನುಗಳು ಆ ಧೂಳನ್ನು ಮನೆಯೆಲ್ಲ ತಿರುಗಿಸುತ್ತಿದ್ದವು.

"ಬನ್ನಿ ಬನ್ನಿ, ಕಾನೂನು ಸಾಹೇಬ್ರೇ!" ಎಂದ ತೈಸ್ತೊ. "ಒಂದೇ ಬೆಳಿಗ್ಗೇಲಿ ಮುಗಿಸಿಬಿಟ್ವಿ!"

ಧೂಳಿನೊಳಗಿಂದ ಪೊರಕೆ ಹಿಡಿದು ಬಂದವಳು ಮೈಲಾ, ರೇಯ್ನೊನ ಹೆಂಡತಿ. ಅವಳ ರೆಪ್ಪೆಯೂ ಬೂದಿಬಣ್ಣಕ್ಕೆ ತಿರುಗಿತ್ತು. "ಹೇಳಿದ್ರೆ ನೀನು ಬೇಡ ಅಂತಿದ್ದೆ, ಅದಕ್ಕೇ ಹೇಳ್ಲಿಲ್ಲ" ಎಂದು ನಗುತ್ತ ಬನ್ನು ಚಾಚಿದಳು.

"ಫ್ಯಾನ್ ಆರಿಸಿ! ಎಲ್ರೂ ಹೊರಗೆ ಬನ್ನಿ!" ರೇಯ್ನೊ ಕಿರುಚಿದ.

ಅಂಗಳದಲ್ಲಿ ನಿಲ್ಲಿಸಿಕೊಂಡು ಅಣ್ಣನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದ. ತೈಸ್ತೊ ಕಾಫಿ ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡ.

"ಇದನ್ನ ಅವತ್ತೇ ಹೇಳೋಕೆ ನಿನ್ ಬಾಯಿಗೆ ಏನಾಗಿತ್ತು?" ಎಂದಳು ಮೈಲಾ.

ಅವಳ ಕೂದಲ ಮೇಲಿನ ಧೂಳು ಕೊಡವಲು ರೇಯ್ನೊ ಕೈ ಎತ್ತಿದ. ಕೊಡವಿದರೆ ಅದು ಮತ್ತೆ ಅವಳ ಮೂಗಿಗೇ ಹೋಗುತ್ತದೆಂದು ನೆನಪಾಗಿ ಕೈ ಇಳಿಸಿದ.