ಶೋಪಪ್ಪನ ಪುರಾಣ

ಶ್ರಾವಣ ಬಂತೆಂದರೆ ನನ್ನ ಮಾವ ಜಗದೇವಪ್ಪನವರಿಗೆ ಪುರಾಣ ಬೇಕು. ಕಲಬುರಗಿಯಲ್ಲಿದ್ದಾಗ ತಿಂಗಳಿಡೀ ಸಂಜೆ ಮಠಕ್ಕೆ ಹೋಗಿ, ಯಾರಾದರೊಬ್ಬ ಶರಣರ ಚರಿತ್ರೆಯನ್ನು ಹುಟ್ಟಿನಿಂದ ಲಿಂಗೈಕ್ಯದವರೆಗೆ ಕೇಳಿ, ಅಮಾವಾಸ್ಯೆಯ ದಿನ ಮಂಗಳವಾದ ಮೇಲೆ ಸಕ್ಕರೆ ಬಾಯಿಗೆ ಹಾಕಿಕೊಂಡೇ ಏಳುತ್ತಿದ್ದವರು. ಲಂಡನ್ನಿನ ಅಂಚಿನ ಕ್ರೋಯ್ಡನ್ನಿನ ಐದನೇ ಮಹಡಿಯ ಫ್ಲಾಟಿಗೆ ನಾನು ಮಠ ಎಲ್ಲಿಂದ ತರಲಿ? ಯೂಟ್ಯೂಬಿನಲ್ಲಿ ಹಾಕಿಕೊಟ್ಟೆ. "ಫೋನಿನ ಮುಂದ ಕೈ ಮುಗದು ಕೂಡ್ಲೇನು?" ಎಂದು ನನ್ನನ್ನೇ ಗದರಿದರು.

ಅದೇ ಹೊತ್ತಿಗೆ ನನ್ನ ಹದಿಮೂರು ವರ್ಷದ ಮಗಳು ಜಾಹ್ನವಿ ಮುಖ ಊದಿಸಿಕೊಂಡು ಕೂತಿದ್ದಳು. ಅವಳು ಪಿಯಾನೋದಲ್ಲಿ ಕಲಿಯುತ್ತಿದ್ದುದು ಶೋಪಾನ್ ಎಂಬವನ ಒಂದು ಪುಟ್ಟ ತುಣುಕು. ಬರೀ ಬೆರಳು ಆಡಿಸಿದರೆ ಸಾಲದು, ಅವನ ಜೀವನ ಚರಿತ್ರೆಯನ್ನೂ ಓದಿಕೊಂಡು ಬಾ ಎಂದು ಪಿಯಾನೋ ಟೀಚರ್ ಬೇಸಿಗೆ ರಜೆಗೆ ಕೆಲಸ ಹಚ್ಚಿದ್ದರು. ಲೈಬ್ರರಿಯಿಂದ ತಂದ ಪುಸ್ತಕ ಇಟ್ಟಿಗೆಯಷ್ಟು ದಪ್ಪ ಇತ್ತು.

"ಯಾರ ಚರಿತ್ರಾ ಅದು?" ಮಾವ ಕೇಳಿದರು.

"ಪೋಲೆಂಡಿನವನಂತೆ ಮಾವ. ಇನ್ನೂರು ವರ್ಷದ ಹಿಂದಿನವನು. ಪಿಯಾನೋ ನುಡಿಸ್ತಿದ್ದ, ರಾಗ ಕಟ್ತಿದ್ದ," ಎಂದೆ.

"ವಚನ ಕಟ್ಟಿದಾಂವ ಶರಣ ಅಂದ್ರ, ರಾಗ ಕಟ್ಟಿದಾಂವನೂ ಶರಣನೇ ಅಲಾ. ಓದು ಯವ್ವಾ, ನಾ ಕೇಳ್ತೀನಿ."

ಹೀಗೆ ನಮ್ಮ ಮನೆಯಲ್ಲಿ ಪುರಾಣ ಶುರುವಾಯಿತು. ದಿನಾ ಸಂಜೆ ಆರಕ್ಕೆ ಟೀಪಾಯಿಯ ಮೇಲೆ ಮಡಿ ಬಟ್ಟೆ, ಅದರ ಮೇಲೆ ಪುಸ್ತಕ, ಪಕ್ಕದಲ್ಲಿ ಎರಡು ಬಾಳೆಹಣ್ಣು. ಮೊದಲ ದಿನ ಊದಿನಕಡ್ಡಿ ಹಚ್ಚಿ ಸ್ಮೋಕ್ ಅಲಾರಾಂ ಹೊಡೆಸಿದರು. ಪುಸ್ತಕಕ್ಕೆ ವಿಭೂತಿ ಹಚ್ಚಲು ಹೋದಾಗ ಲೈಬ್ರರಿಯದು ಎಂದು ನಾನು ಕಿತ್ತುಕೊಂಡೆ. ಮಠದಲ್ಲಿ ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಇಲ್ಲಿ ಜಾಹ್ನವಿ ಇಂಗ್ಲಿಷಿನಲ್ಲಿ ಓದುವವಳು, ನಾನು ಕನ್ನಡದಲ್ಲಿ ಅರ್ಥ ಹೇಳುವವಳು. ಆಫೀಸಿನ ಕೆಲಸ ಮುಗಿಸಿ, ಅಡುಗೆಗೆ ಇಟ್ಟು, ಮೇಲೆ ಇದೊಂದು ಪಟ್ಟ ನನ್ನ ಹಣೆಗೆ.

ಆದರೆ ಕೇಳುವವರೆಂದರೆ ಹೀಗಿರಬೇಕು. ಎರಡನೇ ದಿನಕ್ಕೇ ಶೋಪಾನ್ ಶೋಪಪ್ಪನಾದ. ಇಪ್ಪತ್ತಕ್ಕೆ ಊರು ಬಿಟ್ಟವನು ಮತ್ತೆಂದೂ ತನ್ನ ನೆಲಕ್ಕೆ ಕಾಲಿಡಲಿಲ್ಲ ಎಂದಾಗ ಮಾವ "ಶಿವ ಶಿವಾ" ಎಂದು ಕೆನ್ನೆ ಬಡಿದುಕೊಂಡರು. ಎಡಗೈ ತಾಳ ಬಿಡಬಾರದು, ಬಲಗೈ ಬೇಕಾದರೆ ಸ್ವಲ್ಪ ಅಲೆದಾಡಿಕೊಂಡು ಬರಲಿ ಎಂದು ಅವನು ಶಿಷ್ಯರಿಗೆ ಹೇಳುತ್ತಿದ್ದನಂತೆ. ಅದನ್ನು ಕೇಳಿ ನಕ್ಕುಬಿಟ್ಟರು. "ಅದು ಸಂಸಾರದ ಮಾತು. ನಿಮ್ಮತ್ತಿ ಎಡಗೈ, ನಾ ಬಲಗೈ," ಎಂದವರು, ಮರುಗಳಿಗೆ ಕಿಟಕಿಯ ಕಡೆ ತಿರುಗಿ ಕೂತರು.

ಅತ್ತೆಯ ವಿಷಯ ಇಲ್ಲೇ ಹೇಳಿಬಿಡಬೇಕು. ನೀಲಗಂಗಮ್ಮ, ನನ್ನತ್ತೆ, ಹೋಗಿ ಒಂದೂವರೆ ವರ್ಷ. ಆಸ್ಪತ್ರೆಯಲ್ಲಿ ಕೊನೆಯ ದಿನ ಮಾವನ ಕೈ ಹಿಡಿದುಕೊಂಡು, "ನನ್ನ ಊರಿಗೆ ಒಯ್ರಿ. ಇಲ್ಲಿ ಥಂಡಿ ಭಾಳ," ಎಂದಿದ್ದರು. ಮಾವ "ಒಯ್ತೀನಿ" ಎಂದರು. ನಾನು ಅಲ್ಲೇ ನಿಂತು ಲೋಟಕ್ಕೆ ನೀರು ಹಾಕುತ್ತಿದ್ದೆ. ಅವರು ಹೋದ ಮೇಲೆ ನನ್ನ ಗಂಡ ರುದ್ರೇಶ ಎಲ್ಲ ಕಡೆ ಫೋನ್ ಮಾಡಿದ. ಕಾಗದಪತ್ರ, ವಿಮಾನ ಎಲ್ಲ ಸೇರಿ ಹನ್ನೆರಡು ದಿನವಾದರೂ ಬೇಕು, ಅಲ್ಲಿಯವರೆಗೆ ದೇಹ ಶೀತಪೆಟ್ಟಿಗೆಯಲ್ಲಿರಬೇಕು ಎಂದರು. ಥಂಡಿ ಎಂದವಳನ್ನು ಹನ್ನೆರಡು ದಿನ ಫ್ರಿಜ್ಜಿನಲ್ಲಿಡುವುದು ಮಾವನಿಂದ ಆಗಲಿಲ್ಲ. "ಇಲ್ಲೇ ಮಣ್ಣು ಮಾಡ್ರಿ," ಎಂದರು.

ಮಣ್ಣು ಮಾಡಿ ಬಂದ ಮೇಲೆ ಮಾವ ಒಂದು ಸಲವೂ ಆ ಕಡೆ ಹೋಗಿರಲಿಲ್ಲ. ಸ್ಮಶಾನ ದೂರವೇನಲ್ಲ, ಟ್ರ್ಯಾಮಿನಲ್ಲಿ ಕಾಲು ಗಂಟೆ. ನಾವು ಹೊರಟಾಗಲೆಲ್ಲ ಮಾವನಿಗೆ ಮೊಣಕಾಲು ನೋವು. ಅದೇ ಮೊಣಕಾಲು ಸರ್ರೆ ಸ್ಟ್ರೀಟ್ ಸಂತೆಗೆ ಬದನೆಕಾಯಿ ತರಲು ದಿನಾ ಓಡುತ್ತದೆ. ಕೊಟ್ಟ ಮಾತು ಉಳಿಸಿಕೊಳ್ಳದವನು ಯಾವ ಮುಖ ಇಟ್ಟುಕೊಂಡು ಹೋಗಲಿ ಎಂಬ ಸಂಕಟ ಅದು ಅಂತ ನನಗೆ ಗೊತ್ತು.

ಪುರಾಣದ ನಾಲ್ಕನೇ ವಾರ ಶೋಪಪ್ಪ ಲಂಡನ್ನಿಗೆ ಬಂದ. "ನಮ್ಮೂರಿಗೆ ಬಂದಿದ್ನಾ!" ಎಂದು ಮಾವ ನೆಟ್ಟಗೆ ಕೂತರು. ಎದೆಯ ರೋಗ, ಕೆಮ್ಮು. ಮೆಟ್ಟಿಲು ಹತ್ತಲಾಗದೆ ಆಳು ಎತ್ತಿಕೊಂಡು ಹೋಗಬೇಕಿತ್ತು. ನವೆಂಬರಿನ ಚಳಿಯಲ್ಲಿ, ಇಲ್ಲಿಗೆ ಓಡಿಬಂದಿದ್ದ ತನ್ನ ದೇಶದ ನಿರಾಶ್ರಿತರಿಗಾಗಿ ಗಿಲ್ಡ್‌ಹಾಲಿನಲ್ಲಿ ನುಡಿಸಿದ. ಬಂದ ಜನಕ್ಕೆ ಕುಣಿತದ ಮೇಲೆ ಆಸೆ, ಇವನ ಕಡೆ ಕಿವಿ ಕೊಟ್ಟವರು ಕಡಿಮೆ. ಸಭೆಯಲ್ಲಿ ಅವನು ನುಡಿಸಿದ್ದು ಅದೇ ಕೊನೆ. "ಅವಂಗ ಒಂದು ಸ್ವೆಟರ್ ಕೊಡೋರು ಇರ್ಲಿಲ್ಲೇನು," ಎಂದು ಮಾವ ಕಣ್ಣೊರೆಸಿಕೊಂಡರು.

ಮರುದಿನ ಮಧ್ಯಾಹ್ನ, ಅರ್ಥ ಹೇಳಲು ತಯಾರಿ ಎಂದು ಕೊನೆಯ ಅಧ್ಯಾಯ ತಿರುವಿ ಹಾಕಿದೆ. ಶೋಪಾನ್ ಪ್ಯಾರಿಸ್ಸಿನಲ್ಲಿ ಮೂವತ್ತೊಂಬತ್ತಕ್ಕೆ ತೀರಿಕೊಂಡ. ನನ್ನ ಹೃದಯವನ್ನಾದರೂ ಊರಿಗೆ ಒಯ್ಯಿರಿ ಎಂದು ಕೇಳಿಕೊಂಡಿದ್ದ. ಅವನ ಅಕ್ಕ ಲುದ್ವಿಕಾ ಆ ಹೃದಯವನ್ನು ಜಾಡಿಯಲ್ಲಿಟ್ಟು, ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು, ಗಡಿ ಕಾಯುವವರ ಕಣ್ಣು ತಪ್ಪಿಸಿ ತಮ್ಮೂರು ವಾರ್ಸಾಕ್ಕೆ ಒಯ್ದಳು.

ಊರಿಗೆ ಒಯ್ಯಿ ಎಂದವನನ್ನು ಅಕ್ಕ ಒಯ್ದಳು. ಇದನ್ನು ಮಾವನ ಮುಂದೆ ಹೇಗೆ ಹೇಳಲಿ? ಪುರಾಣ ಅರ್ಧಕ್ಕೆ ಬಿಡುವ ಹಾಗೂ ಇಲ್ಲ, ಮಂಗಳವಾಗದಿದ್ದರೆ ಮನೆಗೆ ಒಳ್ಳೆಯದಲ್ಲ ಎನ್ನುವವರು ಅವರು. ರುದ್ರೇಶನಿಗೆ ಫೋನ್ ಮಾಡಿದರೆ, "ಅಪ್ಪಗ ಇಂಗ್ಲಿಷ್ ಎಲ್ಲಿ ಬರ್ತದ, ಆ ಭಾಗ ಹಾರಿಸಿಬಿಡು," ಎಂದು ಬಹಳ ಸುಲಭವಾಗಿ ಹೇಳಿದ. ಗಂಡಸರ ಉಪಾಯಗಳೆಲ್ಲ ಹೀಗೇ. ಆದರೂ ಬೇರೆ ದಾರಿ ಕಾಣಲಿಲ್ಲ.

ಅಮಾವಾಸ್ಯೆಯ ಸಂಜೆ ಜಾಹ್ನವಿ ಕೊನೆಯ ಪುಟಗಳನ್ನು ಓದಿದಳು. ನಾನು ಅರ್ಥ ಹೇಳಿದೆ: ಪ್ಯಾರಿಸ್ಸಿನಲ್ಲಿ ಪ್ರಾಣ ಬಿಟ್ಟ, ಅಕ್ಕ ಹತ್ತಿರವಿದ್ದಳು, ಅಲ್ಲೇ ಮಣ್ಣು ಮಾಡಿದರು, ಇವತ್ತಿಗೂ ಜನ ಸಮಾಧಿಗೆ ಹೂವಿಡುತ್ತಾರೆ, ಇಲ್ಲಿಗೆ ಪುರಾಣ ಮುಗಿಯಿತು. ಜಾಹ್ನವಿ ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದಳು. ಅವಳು ಕನ್ನಡ ಆಡುವುದಿಲ್ಲ, ಆದರೆ ಒಂದಕ್ಷರವೂ ತಪ್ಪದೆ ತಿಳಿಯುತ್ತದೆ. ಸುಮ್ಮನಿರು ಎಂದು ಕಣ್ಣಲ್ಲೇ ಹೆದರಿಸಿ ಸಕ್ಕರೆ ಬಟ್ಟಲು ಮುಂದಿಟ್ಟೆ.

ಮಾವ ಸಕ್ಕರೆ ಮುಟ್ಟಲಿಲ್ಲ.

"ನೋಡವಾ, ನಂಗ ಇಂಗ್ಲಿಷ್ ಬರಲ್ಲ ಖರೇ. ಆದ್ರ ನನ್ನ ಎದಿಗೆ ಸ್ಟೆಂಟ್ ಹಾಕ್ಯಾರ. ಹಾರ್ಟ್ ಅಂದ್ರ ಏನಂತ ಗೊತ್ತದ. ಕೂಸು ಐದಾರು ಸಲ ಹಾರ್ಟ್ ಅಂದಳು. ನೀ ಒಮ್ಮೆನೂ ಎದಿ ಅನ್ಲಿಲ್ಲ."

ಇನ್ನು ಬಚ್ಚಿಡಲು ನನ್ನಿಂದಾಗಲಿಲ್ಲ. ಎಲ್ಲವನ್ನೂ ಹೇಳಿದೆ, ಜಾಡಿಯನ್ನೂ ಗಡಿಯನ್ನೂ ಬಿಡದೆ. ಹೇಳುತ್ತಾ ನನಗೇ ಅಳು ಬಂತು. ಮಾವ ಅಳಲಿಲ್ಲ. "ಗಟ್ಟಿ ಹೆಣ್ಮಗಳು ಅಕ್ಕ," ಎಂದರು. ಆಮೇಲೆ, "ನನಗ ಅಷ್ಟು ಗಟ್ಟಿತನ ಆಗ್ಲಿಲ್ಲ. ಒಯ್ತೀನಿ ಅಂದೆ, ಒಯ್ಲಿಲ್ಲ."

"ಮಾವ, ಅವರಿಗೆ ಥಂಡಿ ಆಗಬಾರದು ಅಂತ ತಾನೇ ನೀವು..."

"ಅದು ನಿನಗ ಗೊತ್ತದ. ನನಗ ಗೊತ್ತದ. ಅಕಿಗೆ ಯಾರು ಹೇಳ್ಯಾರ?"

ಜಾಹ್ನವಿ ಪುಸ್ತಕ ಮಡಚಿಟ್ಟು ಎದ್ದು ಹೋಗಿ ಅಜ್ಜನ ಪಕ್ಕ ಒತ್ತಿಕೊಂಡು ಕೂತಳು. "ಅಜ್ಜ, ವಿ ಕ್ಯಾನ್ ಗೋ ಅಂಡ್ ಟೆಲ್ ಹರ್," ಎಂದಳು. ಇದಕ್ಕೆ ಅರ್ಥ ಹೇಳಬೇಕಾಗಲಿಲ್ಲ. ಮಾವ ಚಿಟಿಕೆ ಸಕ್ಕರೆ ಅವಳ ಬಾಯಿಗೆ ಹಾಕಿ, ತಾವೂ ಹಾಕಿಕೊಂಡರು.

ಭಾನುವಾರ ರುದ್ರೇಶನಿಗೆ ಡ್ಯೂಟಿ ಇತ್ತು, ನಾವು ಮೂವರೇ ಟ್ರ್ಯಾಮ್ ಹತ್ತಿದೆವು. ಮಾವ ಇಸ್ತ್ರಿ ಮಾಡಿದ ಧೋತರ ಉಟ್ಟು, ಮೇಲೆ ರುದ್ರೇಶನ ಹಳೇ ಕೋಟು ತೊಟ್ಟಿದ್ದರು. ಸ್ಮಶಾನದ ಗೇಟಿನಿಂದ ಅತ್ತೆಯ ಸಮಾಧಿಯವರೆಗೆ ಜಾಹ್ನವಿಯ ಹೆಗಲ ಮೇಲೆ ಕೈಯಿಟ್ಟುಕೊಂಡೇ ಬಂದರು. ಕಲ್ಲಿನ ಮೇಲೆ ಕನ್ನಡದಲ್ಲಿ ಕೊರೆದ ಹೆಸರನ್ನು ಅವರು ನೋಡಿದ್ದು ಅದೇ ಮೊದಲು. ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದರು. ಚಪ್ಪಲಿ ಬಿಟ್ಟು, ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟರು.

"ಮಾವ, ಬಟ್ಟೆ ಒದ್ದೆಯಾಗತ್ತೆ, ಪ್ಲಾಸ್ಟಿಕ್ ಹಾಕ್ತೀನಿ ಏಳಿ," ಎಂದೆ.

"ನೀವಿಬ್ಬರೂ ಹೋಗಿ ಚಾ ಕುಡುದು ಬರ್ರಿ. ಗಂಡ ಹೆಂಡ್ತಿ ಮಾತಾಡೋದದ."

ನಾವು ದೂರದ ಬೆಂಚಿನ ಮೇಲೆ ಕೂತೆವು. ಮಾವನ ಕೈ ಆಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಒಮ್ಮೆ ಜೋರಾಗಿ ಏನೋ ವಾದಿಸಿದರು. ಒಮ್ಮೆ ತಲೆ ತಗ್ಗಿಸಿ ಬಹಳ ಹೊತ್ತು ಕೂತರು. ಜಾಹ್ನವಿ ನನ್ನ ಕೈ ಬಿಡಲೇ ಇಲ್ಲ. ಮುಕ್ಕಾಲು ಗಂಟೆಯಾದ ಮೇಲೆ ಅವರೇ ಎದ್ದು, ಕಲ್ಲನ್ನು ಕೈಯಿಂದ ಒರೆಸಿ, ನಮ್ಮ ಕಡೆ ನಡೆದು ಬಂದರು.

ವಾಪಸ್ಸು ಟ್ರ್ಯಾಮಿನಲ್ಲಿ ತಡೆಯಲಾಗದೆ ಕೇಳಿಯೇಬಿಟ್ಟೆ: "ಎಲ್ಲಾ ಹೇಳಿದ್ರಾ ಮಾವ?"

"ಹೇಳಿದೆ. ಒಯ್ಲಿಕ್ಕಾಗ್ಲಿಲ್ಲ, ನನ್ನ ತಪ್ಪು ಅಂದೆ. ಬೇಕಾದ್ರ ಬೈ ಅಂದೆ."

"ಮತ್ತೆ?"

"ಏನೂ ಅನ್ಲಿಲ್ಲ." ಅವರು ಕಿಟಕಿಯಾಚೆ ನೋಡುತ್ತಾ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು. ಮುಖದಲ್ಲಿ ಮಾತ್ರ ನಗು ಇತ್ತು. "ನಲವತ್ತಾರು ವರ್ಷ ಸಂಸಾರ ಮಾಡೀನಿ ಯವ್ವಾ. ಅಕಿಗೆ ಸಿಟ್ಟು ಇದ್ದಿದ್ರ ಇಷ್ಟು ಹೊತ್ತು ಸುಮ್ಮನ ಇರಾಕಿ ಅಲ್ಲ."